ಮಾತು ಬಾರದ ಮಗುವಿನ ಹಕ್ಕು

ಚಳ್ಳಕೆರೆ ಪೇಟೆಯಲ್ಲಿ ಇಂದು ತರಕಾರಿ ಅಂಗಡಿಯಲ್ಲಿಯೂ ಒಂದು ಸಣ್ಣ ಪೆಟ್ಟಿಗೆಯಿರುತ್ತದೆ. ಗಿರಾಕಿ ಫೋನಿನಿಂದ ಹಣ ಕಳಿಸಿದೊಡನೆ ಅದು 'ಐವತ್ತು ರೂಪಾಯಿ ಬಂದಿದೆ' ಎಂದು ಕೂಗಿ ಹೇಳುತ್ತದೆ. ವ್ಯಾಪಾರಕ್ಕೆ ನಾಲಗೆ ಕೊಟ್ಟ ಈ ವಿಜ್ಞಾನ, ಅದೇ ಬೀದಿಯ ಎಣ್ಣೆಗಿರಣಿ ಕಾರ್ಮಿಕನ ಮಾತು ಬಾರದ ಮಗುವಿಗೆ ಏಕೆ ನಾಲಗೆ ಕೊಡಬಾರದು?

ಆಟಿಸಂ, ಅಂದರೆ ಸ್ವಲೀನತೆ, ದೆವ್ವದ ಕಾಟವಲ್ಲ, ತಾಯಿಯ ತಪ್ಪೂ ಅಲ್ಲ. ಅದು ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ವ್ಯತ್ಯಾಸ. ಇಂಥ ಮಕ್ಕಳಲ್ಲಿ ಕೆಲವರು ಚೆನ್ನಾಗಿ ಮಾತನಾಡುತ್ತಾರೆ. ಕೆಲವರಿಗೆ ಮಾತೇ ಬರುವುದಿಲ್ಲ. ನಾವು ಪಾಠ ಹೇಳುತ್ತಿದ್ದ ದಿನಗಳಲ್ಲಿ ಅಂಥ ಹುಡುಗನೊಬ್ಬನನ್ನು ದಡ್ಡನೆಂದು ಹಿಂದಿನ ಸಾಲಿಗೆ ತಳ್ಳಿದೆವು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಆ ತಪ್ಪನ್ನು ಒಪ್ಪಿಕೊಳ್ಳದೆ ಬೇರೆಯವರಿಗೆ ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ.

ಇಂದು ಸಾಧನಗಳಿವೆ. ಮುಂಬಯಿಯ ಐ.ಐ.ಟಿ.ಯಲ್ಲಿ ಸಿದ್ಧವಾದ 'ಜೆಲ್ಲೋ' ಎಂಬ ಆ್ಯಪ್ ಉಚಿತವಾಗಿ ದೊರೆಯುತ್ತದೆ. ಮಗು ನೀರಿನ ಚಿತ್ರ ಮುಟ್ಟಿದರೆ ಫೋನು ಅದರ ಪರವಾಗಿ ನುಡಿಯುತ್ತದೆ. ಏಳುವುದು, ಮುಖ ತೊಳೆಯುವುದು, ಶಾಲೆಗೆ ಹೊರಡುವುದು, ಹೀಗೆ ದಿನಚರಿಯನ್ನು ಚಿತ್ರಗಳ ಸಾಲಾಗಿ ತೋರಿಸಿ ಕಲಿಸಬಹುದು. ಮೊಳಕಾಲ್ಮುರಿನ ನೇಕಾರ ಬಂಧುಗಳಿಗೆ ಈ ರೀತಿ ಹೊಸದಲ್ಲ; ಜಕಾರ್ಡಿನ ಕಾರ್ಡುಗಳು ಒಂದರ ಹಿಂದೊಂದು ಬಂದಾಗಲೇ ಸೀರೆಯಲ್ಲಿ ಹೂವು ಮೂಡುವುದು.

ಆದರೆ ಮಗು ಸುಮ್ಮನಿರಲೆಂದು ಕೈಗೆ ಫೋನು ಕೊಟ್ಟು ಕೂರಿಸುವುದು ಶಿಕ್ಷಣವಲ್ಲ. ಜೊತೆಯಲ್ಲಿ ಕುಳಿತು ನೂರು ಸಾರಿ ತೋರಿಸುವ ಮನುಷ್ಯ ಬೇಕು. ಅವನಿಗೆ ತರಬೇತು ಕೊಡಬಲ್ಲ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲಿದೆ, ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ. ದಿನಗೂಲಿ ಬಿಟ್ಟು, ಬಸ್ಸಿನ ಖರ್ಚು ತೆತ್ತು, ಬಡವನು ಎಷ್ಟು ಸಾರಿ ಅಲ್ಲಿಗೆ ಹೋದಾನು?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸ್ವಲೀನತೆಯನ್ನು 21 ವಿಕಲತೆಗಳ ಪಟ್ಟಿಗೆ ಸೇರಿಸಿದೆ. ಶಿಕ್ಷಕರಿಗೆ ತರಬೇತು, ಮಾತಿಗೆ ಪೂರಕವಾದ ಸಂವಹನ ವಿಧಾನಗಳು, ಶೇ. 40ಕ್ಕೆ ಕಡಿಮೆಯಿಲ್ಲದ ವಿಕಲತೆಯ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಉಚಿತ ಸಾಧನಗಳು, ಇವೆಲ್ಲ ಸರ್ಕಾರದ ಕರ್ತವ್ಯವೆಂದು ಅದರ 17ನೆಯ ಕಲಮು ಹೇಳುತ್ತದೆ. ನಾವು ದಾನ ಕೇಳುತ್ತಿಲ್ಲ.

ವಿಜ್ಞಾನದ ಹೆಸರಿನಲ್ಲಿ ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ ನೆಲ ಹೋಯಿತು. ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆಗೆ 2017ರಲ್ಲಿ ಅಲ್ಲಿ ಕೇಂದ್ರವೇ ತೆರೆಯಿತು. ಆ ಕಾವಲಿನಲ್ಲಿ ಕುರಿ ಮೇಯಿಸಿದವರ ಮೊಮ್ಮಕ್ಕಳಿಗೆ ವಿಜ್ಞಾನದ ಪಾಲು ಬೇಡವೇ?

ಎರಡೂ ತಾಲ್ಲೂಕು ಕೇಂದ್ರಗಳಲ್ಲಿ ತಲಾ ಒಂದು ಕೊಠಡಿ, ತರಬೇತಾದ ಒಬ್ಬ ಶಿಕ್ಷಕ, ಹತ್ತು ಟ್ಯಾಬ್ಲೆಟ್, ವಾರಕ್ಕೊಮ್ಮೆ ವಿಡಿಯೋ ಮೂಲಕ ಮೈಸೂರಿನ ತಜ್ಞರ ಸಲಹೆ: ನಮ್ಮ ಬೇಡಿಕೆ ಇಷ್ಟೇ. ತಂದೆತಾಯಂದಿರು ನಾಚಿಕೆ ಬಿಟ್ಟು ಮಕ್ಕಳನ್ನು ಹೊರಗೆ ಕರೆತರಲಿ. ಗಿರಣಿಯ ಯೂನಿಯನ್ನೂ ವರ್ತಕರ ಸಂಘವೂ ಅವರ ಬೆನ್ನಿಗೆ ನಿಲ್ಲಲಿ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಎಲ್ಲರೂ ಕೂಡಿ ಅರ್ಜಿ ಹಿಡಿದು ಹೋಗೋಣ. ಮಾತು ಬಾರದ ಮಕ್ಕಳ ಪರವಾಗಿ, ಮಾತು ಬರುವ ನಾವು ಬಾಯಿ ಮುಚ್ಚಿ ಕೂಡಬಾರದು.