ಎರಡು ಚಿತ್ರಗಳ ನಡುವೆ ದಾಟಿಹೋದ ಟ್ರ್ಯಾಕ್ಟರ್

2011ರ ಮೇ ತಿಂಗಳಿನಲ್ಲಿ, ಮಾಸೂರಿಗೆ ನೆರೆಯ ಶಿಕಾರಿಪುರ ತಾಲ್ಲೂಕಿನ ಗಾಮ ಗ್ರಾಮದಲ್ಲಿ ಹುಲಿಯೊಂದು ಸೆರೆಸಿಕ್ಕಿತು. ಉಲ್ಲಾಸ ಕಾರಂತರ ತಂಡ ಅದರ ಪಟ್ಟೆಗಳನ್ನು ತನ್ನಲ್ಲಿದ್ದ ಚಿತ್ರಗಳೊಡನೆ ಹೋಲಿಸಿದಾಗ, ಸುಮಾರು 15 ತಿಂಗಳ ಹಿಂದೆ 280 ಕಿಲೋಮೀಟರ್ ದೂರದ ಬಂಡೀಪುರದ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಮೂಡಿದ್ದ ಹುಲಿಯೇ ಇದೆಂದು ತಿಳಿದುಬಂತು. ಅದಕ್ಕೆ ಬಿಪಿಟಿ–241 ಎಂಬ ಗುರುತುಸಂಖ್ಯೆಯೂ ಇತ್ತು. ಪ್ರತಿಯೊಂದು ಹುಲಿಗೂ ಗುರುತು ಕೊಟ್ಟು ಚಿತ್ರಗಳನ್ನು ಜೋಡಿಸಿಟ್ಟಿದ್ದರಿಂದಲೇ ಹುಡುಕಿದ್ದು ಸಿಕ್ಕಿತು.

ನಮ್ಮ ನದಿದಂಡೆಯ ಕ್ಯಾಮೆರಾಗಳಿಗೆ ಈ ಭಾಗ್ಯವಿಲ್ಲ. ಮರಳು ಗಣಿಗಾರಿಕೆಯ ನಿಗಾ ಕುರಿತು ಕೇಂದ್ರ ಪರಿಸರ ಸಚಿವಾಲಯ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ಸಿಸಿಟಿವಿಯನ್ನು ಬಹಳವಾಗಿ ನೆಚ್ಚಿಕೊಂಡಿದೆ. ಆದರೆ ಕುಮುದ್ವತಿಯಿಂದ ರಾತ್ರೋರಾತ್ರಿ ಮರಳು ಸಾಗಿತೆಂದು ದೂರಿತ್ತಾಗ ‘ದೃಶ್ಯಾವಳಿ ಪರಿಶೀಲಿಸಲಾಗಿದೆ, ಏನೂ ಕಂಡುಬಂದಿಲ್ಲ’ ಎಂಬ ಉತ್ತರ ಬಂದರೆ, ಅದನ್ನು ಒಪ್ಪಿಕೊಳ್ಳುವ ಮುನ್ನ ಪರಿಶೀಲಿಸಿದ್ದು ಹೇಗೆ ಎಂದು ಕೇಳಬೇಕಾಗುತ್ತದೆ.

ಒಂದು ತಿಂಗಳ ದಾಖಲೆಯೆಂದರೆ 720 ಗಂಟೆ. ಅಷ್ಟನ್ನೂ ಕುಳಿತು ನೋಡುವವರಾರು? ಆದ್ದರಿಂದ ಒಂದು ದಿನವನ್ನು ಗಂಟೆಗೊಂದರಂತೆ 24 ಸಣ್ಣ ಚಿತ್ರಗಳಾಗಿ, ಅಂದರೆ ಥಂಬ್‌ನೇಲ್‌ಗಳಾಗಿ, ಪರದೆಯ ಮೇಲೆ ಹರಡಿಕೊಳ್ಳುತ್ತಾರೆ. ಎರಡು ಗಂಟೆಯ ಚಿತ್ರದಲ್ಲಿ ನಿಂತಿದ್ದ ಹೊನ್ನೆಮರ ಮೂರರ ಚಿತ್ರದಲ್ಲಿ ಇಲ್ಲವಾದರೆ, ಆ ಒಂದು ಗಂಟೆಯನ್ನು ಮತ್ತೆ 24 ಭಾಗ ಮಾಡಿದರಾಯಿತು. ಎರಡೇ ಹೆಜ್ಜೆಗೆ ಎರಡೂವರೆ ನಿಮಿಷದ ಅವಧಿ ಕೈಗೆ ಸಿಗುತ್ತದೆ. ನಿಜಕ್ಕೂ ಸೊಗಸಾದ ಉಪಾಯ!

ಮರ ಬಿದ್ದರೆ ಬಿದ್ದ ಗುರುತು ಉಳಿಯುತ್ತದೆ. ಸೇತುವೆ ದಾಟುವ ಟ್ರ್ಯಾಕ್ಟರ್ ಹಾಗಲ್ಲ. ಇಪ್ಪತ್ತು ಸೆಕೆಂಡುಗಳಲ್ಲಿ ಕಣ್ಮರೆಯಾಗುತ್ತದೆ. ಒಂದು ಗಂಟೆಗೂ ಸೇತುವೆ ಖಾಲಿ, ಎರಡು ಗಂಟೆಗೂ ಖಾಲಿ. ನಡುವೆ ಹತ್ತು ಟ್ರೇಲರ್ ಮರಳು ಹೋಗಿದ್ದರೂ ಸಣ್ಣ ಚಿತ್ರಗಳು ಅದನ್ನು ಹೇಳಲಾರವು. ಇದಕ್ಕೆ ಚಲನೆಯನ್ನು ಗುರುತಿಸುವ ಶೋಧ ಬೇಕು. ಅದಾದರೋ ಮಳೆಹನಿಗೆ, ದೀಪದ ಹುಳುವಿಗೆ, ಮಸೂರದ ಮುಂದೆ ಬಲೆ ನೇಯುವ ಜೇಡಕ್ಕೆ ಸಹ ಎಚ್ಚರಗೊಳ್ಳುತ್ತದೆ. ಇಲ್ಲವೇ ದೃಶ್ಯವನ್ನು ಎಂಟುಪಟ್ಟು ವೇಗದಲ್ಲಿ ಓಡಿಸಿ ಮನುಷ್ಯರೇ ನೋಡಬೇಕು. ಒಂದು ಗಂಟೆಗೆ ಏಳೂವರೆ ನಿಮಿಷ ಸಾಕು. ಇಷ್ಟು ತಾಳ್ಮೆಯನ್ನು ನದಿಯ ಪರವಾಗಿ ಕೇಳುವುದು ಅತಿಯಾಸೆಯೇನಲ್ಲ.

ಈ ನಡುವೆ ಕಾಲವೂ ಓಡುತ್ತಿರುತ್ತದೆ. ಡಿಸ್ಕ್ ತುಂಬಿದೊಡನೆ ಹೊಸ ದೃಶ್ಯ ಹಳೆಯದನ್ನು ಅಳಿಸುತ್ತದೆ. ಪೊಲೀಸ್ ಠಾಣೆಗಳ ದೃಶ್ಯಾವಳಿಯನ್ನು 18 ತಿಂಗಳು ಕಾಯ್ದಿರಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು. ನದಿದಂಡೆಯ ದೃಶ್ಯಗಳಿಗೂ ಅಂಥ ಭದ್ರತೆ ಬೇಡವೇ? ದೂರು ಬಂದ ದಿನವೇ ಆ ರಾತ್ರಿಯ ಪ್ರತಿಯನ್ನು ತೆಗೆದಿಡಬೇಕು. ಎಷ್ಟು ನಿಮಿಷಗಳ ಅಂತರದಲ್ಲಿ ಹುಡುಕಲಾಯಿತು, ಕ್ಯಾಮೆರಾದ ಗಡಿಯಾರ ಎಷ್ಟು ಹಿಂದೆ ಅಥವಾ ಮುಂದೆ ಇತ್ತು ಎಂಬುದನ್ನು ಉತ್ತರದಲ್ಲಿ ಬರೆಯಬೇಕು.

ಹಾಗೆಂದು ಕಂಡಕಂಡವರು ಎಲ್ಲ ದೃಶ್ಯಗಳನ್ನೂ ಜಾಲಾಡಲಿ ಎಂಬುದು ನಮ್ಮ ವಾದವಲ್ಲ. ಕಾರ್ಬೆಟ್‌ನ ಕಾಡಿನಲ್ಲಿ ವನ್ಯಜೀವಿಗಳಿಗೆಂದು ಇಟ್ಟ ಕ್ಯಾಮೆರಾಗಳು ಸೌದೆಗೆ ಹೋಗುವ ಹೆಣ್ಣುಮಕ್ಕಳನ್ನು ಎಷ್ಟು ಕಾಡಿದವೆಂಬುದನ್ನು 2024ರಲ್ಲಿ ಪ್ರಕಟವಾದ ಕೇಂಬ್ರಿಜ್ ಸಂಶೋಧಕರ ಅಧ್ಯಯನ ತೋರಿಸಿದೆ. ಅವಧಿ ಕಿರಿದಾದಷ್ಟೂ ಇಂಥ ಇಣುಕುನೋಟಕ್ಕೆ ಆಸ್ಪದ ಕಡಿಮೆ. ಆದ್ದರಿಂದ ದೂರು ಬರೆಯುವ ಗೆಳೆಯರೂ ‘ನಿನ್ನೆ ರಾತ್ರಿ’ ಎಂದಷ್ಟೇ ಬರೆಯದೆ, ಎಂಜಿನ್ನಿನ ಸದ್ದು ಕೇಳಿದೊಡನೆ ಗಡಿಯಾರ ನೋಡಿ, ಎರಡೂಕಾಲು ಗಂಟೆ, ಸೇತುವೆಯ ಪೂರ್ವದ ದಂಡೆ ಎಂದು ಗುರುತು ಹಾಕಿಕೊಳ್ಳಲಿ.