ಎಳೆದು ಬಿಡುವ ತೊಡಕು

ಕಳೆದ ವಾರ ಗಣಕಯಂತ್ರದಲ್ಲಿ ನಮ್ಮ ಮನೆಯ ಕ್ರಯಪತ್ರವನ್ನು ತೆರೆದು ಓದುತ್ತಿದ್ದೆವು. ತೆರಿಗೆಯ ರಸೀದಿಯನ್ನೂ ನೋಡೋಣವೆಂದು ಅದರ ಕಡತವನ್ನು ಮೌಸಿನಿಂದ ಎಳೆದು ತಂದು ಆ ಕಿಟಕಿಯೊಳಗೆ ಬಿಟ್ಟೆವು. ರಸೀದಿಯೇನೋ ಕಂಡಿತು, ಆದರೆ ಕ್ರಯಪತ್ರದ ಮೂರನೆಯ ಪುಟವಾಗಿ! ಪುಟದ ಮೇಲೆ ಬಿಟ್ಟರೆ ಬೇರೆಯಾಗಿ ತೆರೆಯುವುದೆಂದೂ, ಪಕ್ಕದ ಕಿರುಪುಟಗಳ ಸಾಲಿನಲ್ಲಿ ಬಿಟ್ಟರೆ ಒಳಗೆ ಸೇರಿಕೊಳ್ಳುವುದೆಂದೂ ತಮ್ಮನ ಮಗನು ಆಮೇಲೆ ತಿಳಿಸಿದನು. ಅಂಗುಲದ ಅಂತರಕ್ಕೆ ಇಷ್ಟು ಭೇದವೆಂದು ಯಾರು ಬಲ್ಲರು? ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಕೂಡಿಸಿ ಒತ್ತಲು ಪತ್ರವು ಮೊದಲಿನಂತಾಯಿತು. ಅದನ್ನು ಉಳಿಸಿ ಮುಚ್ಚಿರಲಿಲ್ಲವೆಂಬುದೇ ಪುಣ್ಯ.

ವಿಂಡೋಸಿನಲ್ಲಿ ಕಡತವನ್ನು ಒಂದೇ ಡ್ರೈವಿನೊಳಗೆ ಎಳೆದರೆ ಅದು ಸ್ಥಳವನ್ನು ಬದಲಿಸುವುದು; ಬೇರೆ ಡ್ರೈವಿಗೆ ಎಳೆದರೆ ಪ್ರತಿಯಾಗುವುದು. ಕಂಟ್ರೋಲ್ ಕೀಲಿಯನ್ನು ಹಿಡಿದು ಎಳೆದರೆ ಎರಡೆಡೆಯೂ ಪ್ರತಿಯೇ. ಹಾಗೆ ಮಾಡಿದ ಕ್ರಯಪತ್ರದ ಪ್ರತಿಯೊಂದು ಈಗ ನಮ್ಮಲ್ಲಿ ಬೇರೆಯಾಗಿದೆ.