ಹಿರಿಯರ ರಿಯಾಯಿತಿ ದಾನವಲ್ಲ

ಸರಕಾರದ ಬೊಕ್ಕಸ ಬರಿದಾದಾಗ ಅದರ ಕಣ್ಣು ಮೊದಲು ಯಾರ ಜೇಬಿನ ಮೇಲೆ ಬೀಳುತ್ತದೆ? ಅಮೇರಿಕದ ರಾಷ್ಟ್ರೀಯ ಉದ್ಯಾನಗಳ ಹಿರಿಯರ ಪಾಸು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1872ರಲ್ಲಿ ಯೆಲ್ಲೋಸ್ಟೋನನ್ನು ಜನತೆಗಾಗಿ ಮೀಸಲಿಟ್ಟ ಆ ದೇಶದಲ್ಲಿ ಇಂದು ಕೇಂದ್ರ ಸರಕಾರದ ಅಧೀನದಲ್ಲಿರುವ ಎರಡು ಸಾವಿರಕ್ಕೂ ಮಿಕ್ಕಿದ ಉದ್ಯಾನ, ಅರಣ್ಯ ಮತ್ತು ವನ್ಯಧಾಮಗಳಿಗೆ ಒಂದೇ ಪಾಸು ಸಾಕು. 62 ವರ್ಷ ತುಂಬಿದ ಪ್ರಜೆ ಅಥವಾ ಖಾಯಂ ನಿವಾಸಿಯು ಹಿಂದೆ ಕೇವಲ 10 ಡಾಲರ್ ತೆತ್ತು ಅದನ್ನು ಜೀವನಪರ್ಯಂತಕ್ಕೆ ಪಡೆಯಬಹುದಿತ್ತು. 2016ರ ಡಿಸೆಂಬರಿನಲ್ಲಿ ಕಾನೂನು ಬದಲಾಯಿತು. 2017ರ ಆಗಸ್ಟ್ 28ರಿಂದ ಅದರ ಬೆಲೆ 80 ಡಾಲರಿಗೇರಿತು. ಅಂದರೆ ಎಂಟು ಪಟ್ಟು!

ಇದನ್ನು ಸಾರಾಸಗಟಾಗಿ ಅನ್ಯಾಯವೆನ್ನಲಾಗದು. ಇತರ ನಿವಾಸಿಗಳು ವರ್ಷವೊಂದಕ್ಕೆ ತೆರುವ 80 ಡಾಲರನ್ನು ಹಿರಿಯರು ಜೀವಮಾನದಲ್ಲಿ ಒಮ್ಮೆ ತೆರುತ್ತಾರೆ. ಅಷ್ಟು ಸಾಧ್ಯವಾಗದವರಿಗೆ 20 ಡಾಲರಿನ ವಾರ್ಷಿಕ ಪಾಸಿದೆ; ಅಂತಹ ನಾಲ್ಕು ಪಾಸುಗಳನ್ನು ಒಪ್ಪಿಸಿದರೆ ಜೀವಮಾನದ ಪಾಸು ಲಭಿಸುತ್ತದೆ. ಹಳೆಯ ಪಾಸುಗಳು ಸಿಂಧುವಾಗಿಯೇ ಉಳಿದವು. ಶಾಶ್ವತ ಅಂಗವೈಕಲ್ಯವುಳ್ಳವರಿಗೆ ಪಾಸು ಉಚಿತ.

ಆದರೆ ಹಿರಿಯರ ಪಾಲನ್ನು ಹೆಚ್ಚಿಸುವ ಅಗತ್ಯವೇಕೆ ಬಂತು? ಉದ್ಯಾನಗಳ ರಸ್ತೆ, ಕಟ್ಟಡ, ನೀರಿನ ಕೊಳವೆಗಳ ದುರಸ್ತಿಯ ಬಾಕಿ ಆಗ ಸುಮಾರು 1200 ಕೋಟಿ ಡಾಲರಿನಷ್ಟು ಬೆಳೆದಿತ್ತು. ಇದು ವರ್ಷಾನುಗಟ್ಟಲೆ ಸಾಕಷ್ಟು ಅನುದಾನ ಮಂಜೂರಾಗದ್ದರ ಫಲವೇ ಹೊರತು ವೃದ್ಧರು ಮಾಡಿದ ಸಾಲವಲ್ಲ. ಹಿರಿಯರ ಪಾಸಿನಿಂದ ತುಂಬುವ ಹೊಂಡವೂ ಅದಾಗಿರಲಿಲ್ಲ. ಕೊನೆಗೆ 2020ರಲ್ಲಿ ಅದೇ ಸಂಸತ್ತು, ಸರಕಾರಿ ಭೂಮಿ ಮತ್ತು ಕಡಲಿನ ತೈಲ, ಅನಿಲಾದಿ ಇಂಧನಗಳ ಆದಾಯದಿಂದ ವರ್ಷಕ್ಕೆ 190 ಕೋಟಿ ಡಾಲರಿನವರೆಗೆ ಐದು ವರ್ಷಗಳ ಕಾಲ ದುರಸ್ತಿಗೆ ಒದಗಿಸಲು ಕಾನೂನು ಮಾಡಿತು. ಮನಸ್ಸಿದ್ದರೆ ಹಣದ ಮೂಲ ಬೇರೆಯೂ ಇದೆ ಎಂಬುದು ಇದರಿಂದ ಸಾಬೀತಾಗುವುದಿಲ್ಲವೇ?

ನಮ್ಮಲ್ಲಿ ನಡೆದುದು ಇದಕ್ಕಿಂತ ಕಠೋರ. 60 ದಾಟಿದ ಪುರುಷರಿಗೆ ಶೇ. 40, 58 ದಾಟಿದ ಮಹಿಳೆಯರಿಗೆ ಶೇ. 50ರಷ್ಟಿದ್ದ ರೈಲು ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ಕೊರೋನಾದ ಹೆಸರಿನಲ್ಲಿ ನಿಲ್ಲಿಸಲಾಯಿತು. ರೋಗ ತಗ್ಗಿ ರೈಲುಗಳು ಎಂದಿನಂತೆ ಓಡತೊಡಗಿದರೂ ರಿಯಾಯಿತಿ ಮರಳಲಿಲ್ಲ. ಕನಿಷ್ಠ ಸ್ಲೀಪರ್ ಮತ್ತು ಥರ್ಡ್ ಎಸಿ ದರ್ಜೆಗಳಲ್ಲಾದರೂ ಅದನ್ನು ಮರಳಿಸುವ ಬಗ್ಗೆ ಪರಿಶೀಲಿಸಬೇಕೆಂದು ಸಂಸದೀಯ ಸ್ಥಾಯೀ ಸಮಿತಿ ಮಾಡಿದ ಶಿಫಾರಸಿಗೂ ಬೆಲೆ ಸಿಗಲಿಲ್ಲ. ಅಲ್ಲಿ ದರ ಏರಿದರೂ ಬಾಗಿಲು ತೆರೆದೇ ಇತ್ತು. ಇಲ್ಲಿ ಬಾಗಿಲನ್ನೇ ಮುಚ್ಚಲಾಯಿತು.

ರಿಯಾಯಿತಿಯನ್ನು ಪರಿಷ್ಕರಿಸಲೇಬಾರದೆಂಬ ವಾದ ನಮ್ಮದಲ್ಲ. ಉಳ್ಳವರಿಂದ ಹೆಚ್ಚು ಪಡೆಯಲಿ. ಆದರೆ ಜೀವನವಿಡೀ ದುಡಿದು ತೆರಿಗೆ ತೆತ್ತು ಆ ಉದ್ಯಾನಗಳನ್ನೂ ಈ ಹಳಿಗಳನ್ನೂ ಉಳಿಸಿದವರು ಇದೇ ಹಿರಿಯರು. ಅವರಿಗೆ ನೀಡುವ ರಿಯಾಯಿತಿ ಸಮಾಜ ತೀರಿಸುವ ಋಣ. ಖರ್ಚು ಕಡಿತದ ಪಟ್ಟಿಯಲ್ಲಿ ಅದು ಮೊದಲ ಸಾಲಿನಲ್ಲಿರಬಾರದು.